ತೂಕ ಕೂಗುವವಳು

ನಮ್ಮ ವ್ಯಾನಿನ ಮುಂದಿನ ಸೀಟಿನ ಮೇಲೆ ಒಂದು ನೀಲಿ ಕುಶನ್ ಇದೆ. ಅದಕ್ಕೆ ಕ್ರಾಸ್ ಸ್ಟಿಚ್ಚಿನ ಗುಲಾಬಿ ಹಾಕಿದವಳು ನಾನೇ. ಬಣ್ಣ ಹೋಗಿ ಗುಲಾಬಿ ಈಗ ಎಲೆಕೋಸಿನ ಹಾಗೆ ಕಾಣುತ್ತದೆ. ಆದರೂ ಅದರ ಮೇಲೆ ಬೇರೆ ಯಾರೂ ಕೂರುವುದಿಲ್ಲ. ವ್ಯಾನಿನ ಹಿಂಭಾಗದಲ್ಲಿ ಗ್ಯಾಸ್ ಸಿಲಿಂಡರುಗಳು, ವ್ಯಾಕ್ಯೂಮ್ ಪಂಪು, ತಾಮ್ರದ ಪೈಪಿನ ಸುರುಳಿ, ತೂಕದ ಮೆಷಿನ್ನು. ಮುಂದೆ ಸ್ಟಿಯರಿಂಗ್ ಹಿಡಿದ ನನ್ನ ಮೈದುನ, ಅವನ ಪಕ್ಕದಲ್ಲಿ ತೊಡೆಯ ಮೇಲೆ ಕಾಫಿ ಫ್ಲಾಸ್ಕ್ ಇಟ್ಟುಕೊಂಡ ನಾನು. ಪಾಂಡವಪುರದಿಂದ ಹೊರಟರೆ ಶ್ರೀರಂಗಪಟ್ಟಣದ ಹೋಟೆಲು, ಕೆ.ಆರ್. ಪೇಟೆಯ ಬಟ್ಟೆ ಅಂಗಡಿ, ನಾಗಮಂಗಲದ ಕಲ್ಯಾಣ ಮಂಟಪ, ಎಲ್ಲಿ ಏಸಿ ಕೈಕೊಟ್ಟಿದೆಯೋ ಅಲ್ಲಿಗೆ. ಎಪ್ಪತ್ತು ದಾಟಿದ ಹೆಂಗಸಿಗೆ ಗ್ಯಾಸ್ ತುಂಬುವ ಕಡೆ ಏನು ಕೆಲಸ ಎಂದು ಜನ ಕೇಳುತ್ತಾರೆ. ನಾನು ತೂಕ ಕೂಗುತ್ತೇನೆ. ನನ್ನ ಪ್ರೊಫೆಷನ್ ಅದೇ.

ಕಳೆದ ಬೇಸಿಗೆಯಲ್ಲಿ ಆ ಸೀಟು ಇನ್ನೇನು ನನ್ನ ಕೈ ತಪ್ಪಿಹೋಗುವುದರಲ್ಲಿತ್ತು. ಅದನ್ನು ಬರೆಯಬೇಕೆಂದು ಕೂತಿದ್ದೇನೆ. ಬರೆಯುವುದಕ್ಕೆ ಸಮಯದ ಕೊರತೆಯೇನೂ ಇಲ್ಲ.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಎಲೊಕ್ಯೂಷನ್ ಕ್ಲಾಸ್ ಎಂದು ಒಂದಿತ್ತು. ಬಿಳಿ ಉಡುಪಿನ ಸಿಸ್ಟರ್ ಒಬ್ಬರು ಹಾಲಿನ ತುದಿಯಲ್ಲಿ ನಿಂತು, ಖಾಲಿ ಬೆಂಚುಗಳ ಕಡೆ ಕೈ ತೋರಿಸಿ, ನಿನ್ನ ಮಾತು ಕೊನೆಯ ಬೆಂಚಿಗೆ ತಲುಪಬೇಕು, ಆದರೆ ನೀನು ಕಿರುಚಕೂಡದು ಎನ್ನುತ್ತಿದ್ದರು. ನಾವು ಹುಡುಗಿಯರು ಖಾಲಿ ಬೆಂಚುಗಳಿಗೆ ಇಂಗ್ಲಿಷಿನಲ್ಲಿ ಗುಡ್ ಈವ್ನಿಂಗ್ ಹೇಳುತ್ತಿದ್ದೆವು. ಅಂಥ ಕಂಠ ತೆಗೆದುಕೊಂಡು ನಾನು ಟೀಚರ್ ಆಗುತ್ತೇನೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಮ್ಮ ತಂದೆಯವರು ಮಾತ್ರ ಪಾಂಡವಪುರದ ಹತ್ತಿರದ ಒಂದು ಒಕ್ಕಲುತನದ ಮನೆಗೆ ಕೊಟ್ಟರು. ಗದ್ದೆ, ಕಬ್ಬು, ಆಲೆಮನೆ ಇದ್ದ ಮನೆ. ಹುಡುಗ ರೆಫ್ರಿಜರೇಷನ್ ಕಲಿತಿದ್ದ. ಬೆಲ್ಲದ ಬಿಸಿಯಲ್ಲಿ ಹುಟ್ಟಿದವನು ತಂಪು ಮಾಡುವ ಕೆಲಸ ಹಿಡಿದಿದ್ದಾನೆ ಎಂದು ಬೀಗರೆಲ್ಲ ನಗುತ್ತಿದ್ದರು.

ನಮ್ಮ ಯಜಮಾನರಿಗೆ ಇಂಗ್ಲಿಷು ತೊಡರುತ್ತಿತ್ತು. ಮೆಷಿನ್ನಿನ ಜೊತೆ ಬರುತ್ತಿದ್ದ ಮ್ಯಾನ್ಯುಯಲ್ಲುಗಳೋ ಪೂರ್ತಿ ಇಂಗ್ಲಿಷು. ಮದುವೆಯಾದ ಹೊಸತರಲ್ಲೇ ಒಂದು ದಪ್ಪ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದರು.

"ಅಮ್ಮಿ, ಇದ್ರಲ್ಲಿ ಏನ್ ಬರ್ದವ್ರೆ ಅಂತ ಒಸಿ ಓದ್ ಯೋಳು."

ನಾನು ಓದಿದೆ, ಕನ್ನಡದಲ್ಲಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಮ್ಮ ಕೋರ್ಟ್‌ಶಿಪ್ ಎಂದರೆ ಅದೇ. ಆಮೇಲೆ ಒಂದು ದಿನ ಕೆಲಸದ ಜಾಗಕ್ಕೂ ಕರೆದುಕೊಂಡು ಹೋದರು. ಮತ್ತೆ ನಾನು ಮನೆಯಲ್ಲಿ ಉಳಿಯಲೇ ಇಲ್ಲ.

ಏಸಿಗೆ ಗ್ಯಾಸ್ ತುಂಬುವುದು ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಎಂದು ಬಹಳ ಜನ ತಿಳಿದಿದ್ದಾರೆ. ಗಟ್ಟಿಯಾಗುವ ತನಕ ಹೊಡೆದರೆ ಆಯಿತು ಎಂದು. ಅದು ಹಾಗಲ್ಲ. ಪ್ರತಿ ಮೆಷಿನ್ನಿನ ಮೈಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ, ಇಷ್ಟು ತೂಕದ ಗ್ಯಾಸು ಎಂದು. ಒಳಗಿನ ಪೆಟ್ಟಿಗೆಗೂ ಹೊರಗಿನ ಪೆಟ್ಟಿಗೆಗೂ ನಡುವಿನ ಪೈಪು ಉದ್ದವಿದ್ದರೆ ಅದಕ್ಕೆ ತಕ್ಕ ಹಾಗೆ ಇನ್ನಷ್ಟು ಸೇರಿಸಬೇಕು. ಅಷ್ಟೇ ಹೋಗಬೇಕು. ಕಡಿಮೆಯಾದರೆ ತಂಪಾಗುವುದಿಲ್ಲ. ಹೆಚ್ಚಾದರೆ ಒತ್ತಡ ಏರುತ್ತದೆ, ಆವಿಯಾಗದ ದ್ರವ ಕಂಪ್ರೆಸರಿಗೆ ನುಗ್ಗಿ ಅದರ ಎದೆ ಒಡೆಯುತ್ತದೆ. ಹಾಗಾಗಿ ಸಿಲಿಂಡರನ್ನು ತೂಕದ ಮೆಷಿನ್ನಿನ ಮೇಲಿಟ್ಟು, ಎಷ್ಟು ಇಳಿಯಿತು ಎಂದು ನೋಡುತ್ತಾ ತುಂಬುವುದು. ಈಗಿನ ಗ್ಯಾಸಂತೂ ಎರಡು ಗ್ಯಾಸುಗಳ ಬೆರಕೆ. ಸಿಲಿಂಡರನ್ನು ತಲೆಕೆಳಗು ನಿಲ್ಲಿಸಿ ದ್ರವವಾಗಿಯೇ ಬಿಡಬೇಕು, ಇಲ್ಲದಿದ್ದರೆ ಬೆರಕೆಯ ಅಳತೆ ಕೆಡುತ್ತದೆ. ಮೆಷಿನ್ನು ಓಡುವಾಗ ಸೇರಿಸುವುದಾದರೆ ಮಗುವಿಗೆ ಒಳಲೆಯಲ್ಲಿ ಹಾಲು ಹಾಕಿದ ಹಾಗೆ, ಗುಟುಕು ಗುಟುಕಾಗಿ.

ವಾಲ್ವ್ ತಿರುಗಿಸುವವನ ಕಣ್ಣು ವಾಲ್ವಿನ ಮೇಲೆ, ಒತ್ತಡದ ಗೇಜಿನ ಮೇಲೆ ಇರಬೇಕು. ಪೈಪು ಕಿತ್ತುಬಂದರೆ ದ್ರವ ಮೈಗೆ ಹಾರುತ್ತದೆ, ಹಾರಿದ ಕಡೆ ಚರ್ಮ ಹೆಪ್ಪುಗಟ್ಟುತ್ತದೆ. ಯಜಮಾನರ ಎಡಗೈ ಮೇಲೆ ಅಂಥದೊಂದು ಬಿಳಿ ಮಚ್ಚೆ ಇತ್ತು, ಗ್ಲೌಸ್ ಹಾಕದ ಕಾಲದ್ದು. ಕತ್ತಲಲ್ಲಿ ಮುಟ್ಟಿದರೂ ಅದು ಅವರ ಕೈ ಎಂದು ಗೊತ್ತಾಗುತ್ತಿತ್ತು, ಅಷ್ಟು ನುಣುಪು. ಅದಾದ ಮೇಲೆ ಅವರು ಒಂದು ಪದ್ಧತಿ ಮಾಡಿದರು. ತಿರುಗಿಸುವವರು ಒಬ್ಬರು, ತೂಕ ಕೂಗುವವರು ಒಬ್ಬರು. ಕೂಗಿದ್ದು ಕಿವಿಗೆ ಬೀಳದೆ ಕೈ ಆಡಕೂಡದು.

ಆ ಪದ್ಧತಿ ಬಂದದ್ದು ಆಲೆಮನೆಯಿಂದ. ಬೆಲ್ಲ ತೂಗುವಾಗ ನಮ್ಮ ಮಾವನವರು ಎಲ್ಲರಿಗೂ ಕೇಳುವ ಹಾಗೆ ರಾಗವಾಗಿ ಕೂಗುತ್ತಿದ್ದರಂತೆ. ಮೊದಲನೆಯದನ್ನು ಒಂದು ಎನ್ನುವ ಹಾಗಿಲ್ಲ, 'ಲಾಭ' ಎನ್ನಬೇಕು. ಲಾಭ, ಎರಡು, ಮೂರು. ನಾನೂ ಗ್ಯಾಸಿನ ಮೊದಲ ಕಿಲೋಗೆ ಲಾಭ ಎಂದೇ ಕೂಗುವುದು. ಕಾನ್ವೆಂಟಿನ ಕಂಠದಲ್ಲಿ ಲಾಭ ಎಂದದ್ದು ಕೇಳಿ ಶ್ರೀರಂಗಪಟ್ಟಣದ ಹೋಟೆಲಿನವರು ಚಮಚ ಕೆಳಗಿಟ್ಟು ತಿರುಗಿ ನೋಡಿದ್ದುಂಟು.

ಆಲೆಮನೆಯ ಇನ್ನೊಂದು ಪದ್ಧತಿಯನ್ನು ಮಾತ್ರ ಅವರು ಕಷ್ಟಪಟ್ಟು ಬಿಡಬೇಕಾಯಿತು. ಅದು ಕೊಸರು. ನಮ್ಮ ಕಡೆ ಏನನ್ನು ಅಳೆದು ಕೊಟ್ಟರೂ, ಅಳತೆ ಮುಗಿದ ಮೇಲೆ ಕೊಳ್ಳುವವರಿಗೆ ಸ್ವಲ್ಪ ಮೇಲಿಷ್ಟು ಹಾಕುತ್ತಾರೆ. ಹಾಲಿಗೆ ಒಂದು ಹುಂಡು, ಸೊಪ್ಪಿಗೆ ನಾಲ್ಕು ಕಡ್ಡಿ, ಬೆಲ್ಲಕ್ಕೆ ಒಂದು ಚೂರು. ಹಾಕದವನು ಜಿಪುಣ, ಕೇಳದವನು ದಡ್ಡ. ಯಜಮಾನರು ಕೆಲಸ ಶುರು ಮಾಡಿದ ಕಾಲದಲ್ಲಿ, ಕೆ.ಆರ್. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗ್ಯಾಸು ತುಂಬಿ ಮುಗಿಸಿ ಪೈಪು ಬಿಚ್ಚುವುದಕ್ಕೆ ಹೋದಾಗ, ಅಂಗಡಿಯಾತ ಅಡ್ಡ ನಿಂತನಂತೆ.

"ಕೊಸರೆಲ್ಲಪ್ಪಾ? ನಾವು ಬ್ಲೌಸ್ ಪೀಸಿಗೇ ನಾಲ್ಕ್ ಬೆಳ್ಳು ಜಾಸ್ತಿ ಕುಯ್ದ್ ಕೊಡ್ತೀವಿ. ನೀನು ಗಾಳಿ ಕೊಡೋಕೆ ಇಂಗ್ ಕೈ ಇಡೀತೀಯಲ್ಲ!"

ಮಾನಕ್ಕೆ ಅಂಜಿ ಯಜಮಾನರು ಒಂದಷ್ಟು ಹೆಚ್ಚಿಗೆ ಬಿಟ್ಟರು. ಆ ವಾರ ಮುಗಿಯುವುದರೊಳಗೆ ಕಂಪ್ರೆಸರ್ ಹಂಡೆಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡಿ ನಿಂತುಹೋಯಿತು. ಆಮೇಲೆ ಯಾರು ಕೇಳಿದರೂ ಅವರ ಉತ್ತರ ಒಂದೇ: "ಗ್ಯಾಸಿಗೆ ಕೊಸರಿಲ್ಲ." ನಾನು ಜೊತೆಗೆ ಬಂದ ಮೇಲೆ ಅವರು ಅಷ್ಟೂ ಹೇಳಬೇಕಾಗಿರಲಿಲ್ಲ. ತೂಕ ಬಂದ ಕೂಡಲೇ ನಾನು "ಸಾಕು" ಎಂದು ಕೂಗುತ್ತಿದ್ದೆ. ಒಂದು ಹೆಂಗಸು ನಾಲ್ಕು ಜನರ ಮುಂದೆ ಸಾಕು ಎಂದ ಮೇಲೆ ಯಾವ ಸಾಹುಕಾರನೂ ಬಾಯಿ ತೆರೆಯುತ್ತಿರಲಿಲ್ಲ.

ನಾವು ಹೆಚ್ಚು ಮಾತಾಡುವ ದಂಪತಿಗಳಲ್ಲ. ಮಕ್ಕಳಾಗಲಿಲ್ಲ, ಅದರ ಬಗ್ಗೆಯೂ ಮಾತಾಡಲಿಲ್ಲ. ನಮ್ಮ ಸಂಸಾರದ ಮಾತೆಲ್ಲ ಆ ಸಂಖ್ಯೆಗಳೇ ಎಂದು ಈಗ ಅನಿಸುತ್ತದೆ. ನಾನು "ಮೂರೂವರೆ" ಎನ್ನುವುದು, ಅವರು ವಾಲ್ವಿನ ಮೇಲೆ ಬಗ್ಗಿಕೊಂಡೇ "ಊಂ" ಎನ್ನುವುದು. ನಾನು ಕೂಗುವ ದನಿಯಲ್ಲೇ ನನಗೆ ಹಸಿವಾಗಿದೆಯೋ, ಕೋಪ ಬಂದಿದೆಯೋ ಅವರಿಗೆ ಗೊತ್ತಾಗುತ್ತಿತ್ತು. ಅವರ ಒಂದು ಊಂನಲ್ಲಿ ನನಗೂ.

ಅವರು ಹೋದ ಮೇಲೆ ಕೆಲಸ ಅವರ ತಮ್ಮನ ಕೈಗೆ ಬಂತು. ಅಣ್ಣನ ಕೈಕೆಳಗೇ ಕಲಿತವನು. ಪಕ್ಕದ ಮನೆಯಲ್ಲೇ ಸಂಸಾರ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ವ್ಯಾನನ್ನು ನನ್ನ ಬಾಗಿಲ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದ. ನಾನು ಹೊರಗೆ ಬಂದೆ.

"ಏನಪ್ಪಾ?"

"ಏನಪ್ಪಾ ಅಂದ್ರೆ? ತೂಕ ಯಾರ್ ಕೂಗ್ತಾರೆ, ನಿಮ್ಮ್ ತಂಗಿ ಕೂಗ್ತಾಳಾ? ಅವ್ಳಿಗೆ ನನ್ನ್ ಕೂಗೋದ್ ಒಂದೇ ಗೊತ್ತು. ಬನ್ನಿ ಅತ್ಗೆ."

ನಿಮ್ಮ ತಂಗಿ ಎಂದರೆ ಅವನ ಹೆಂಡತಿ. ಅವಳು ಕಾಂಪೌಂಡಿನ ಆ ಕಡೆಯಿಂದ ಏನೋ ಬೈದಳು. ನಾನು ಸೆರಗು ಸಿಕ್ಕಿಸಿಕೊಂಡು ವ್ಯಾನು ಹತ್ತಿದೆ. ಆ ದಿನ ಹತ್ತದೆ ಇದ್ದಿದ್ದರೆ ನಾನು ಏನಾಗುತ್ತಿದ್ದೆನೋ, ಐ ಡೋಂಟ್ ನೋ.

ಒಬ್ಬಳೇ ಇರುವ ಮನೆಯಲ್ಲಿ ಗಂಟಲು ಬಳಕೆಯಾಗುವುದಿಲ್ಲ. ಹಾಲಿನವನು ಬಾಗಿಲಿಗೆ ಪ್ಯಾಕೆಟ್ ಸಿಕ್ಕಿಸಿ ಹೋಗುತ್ತಾನೆ. ಮೈದುನನ ಮನೆಯವರು ಕಾಂಪೌಂಡಿನ ಮೇಲಿಂದ "ಊಟ ಆಯ್ತಾ ಅಕ್ಕ" ಎಂದರೆ "ಆಯ್ತು" ಎನ್ನುತ್ತೇನೆ. ದಿನದ ಮಾತು ಮುಗಿಯಿತು. ನನ್ನ ಇಂಗ್ಲಿಷಿಗಂತೂ ಮಾತಾಡುವ ಜನವೇ ಇಲ್ಲ. ಹಳೆಯ ಮ್ಯಾನ್ಯುಯಲ್ಲುಗಳನ್ನು ತೆಗೆದು ಗಟ್ಟಿಯಾಗಿ ಓದುತ್ತೇನೆ. ಸಿಲಿಂಡರಿಗೆ ಬೆಂಕಿ ತೋರಿಸಬೇಡಿ. ಕೆಲಸದ ಕೋಣೆಯ ಕಿಟಕಿ ಬಾಗಿಲು ತೆರೆದಿಡಿ, ಈ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ ನಿಂತು ಉಸಿರು ಕಟ್ಟಿಸುತ್ತದೆ. ಸೋರಿಕೆ ನೋಡುವುದಕ್ಕೆ ಆಕ್ಸಿಜನ್ ಬಳಸಲೇಬೇಡಿ. ಎಲ್ಲ ಆಜ್ಞೆಗಳೇ. ಆದರೂ ಯಾರೋ ನಮ್ಮ ಕ್ಷೇಮದ ಬಗ್ಗೆ ಯೋಚಿಸಿ ಬರೆದದ್ದು. ಕೆಲಸ ಇದ್ದ ದಿನ ಮಾತ್ರ ನನ್ನ ಕಂಠ ಪೂರ್ತಿ ತೆರೆಯುತ್ತಿತ್ತು.

ಹಾಗಿರುವಾಗ ಮಂಡಿ ಕೈಕೊಟ್ಟಿತು. ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಟೆರೇಸಿಗೆ ಹೋಗುವ ಕಬ್ಬಿಣದ ಏಣಿಯನ್ನು ಅರ್ಧ ಹತ್ತಿ ನಿಂತುಬಿಟ್ಟೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ದೋಸೆ ಹಾಕುವವನೊಬ್ಬ, ಪಾತ್ರೆ ತೊಳೆಯುವವನೊಬ್ಬ ಬಂದು ನನ್ನನ್ನು ಪಿಂಗಾಣಿ ಸಾಮಾನಿನ ಹಾಗೆ ಇಳಿಸಿದರು. ಮೈದುನ ಮೇಲಿಂದ ನೋಡುತ್ತಿದ್ದ. ಸ್ವಲ್ಪ ದಿನವಾದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನನ್ನ ಜಗುಲಿಗೆ ಬಂದ. ಮುಖದಲ್ಲಿ ದೊಡ್ಡ ಸಂತೋಷ.

"ಅತ್ಗೆ, ಇನ್ಮೇಲೆ ನೀವ್ ಏಣಿ ಅತ್ತಂಗೇ ಇಲ್ಲ. ಒಸಾ ತೂಕದ್ ಮಿಷನ್ನು. ಎಷ್ಟ್ ಬೇಕು ಅಂತ ಒತ್ಬುಟ್ರೆ, ಅಷ್ಟ್ ಒಳೀಕ್ ಓದೇಟ್ಗೆ ತಾನೇ ಬಂದ್ ಮಾಡಿ ಕೀ ಅಂತದೆ. ನೋಡಿ, ತೂಕ ಕಾಣೋದೂ ಕೈಲಿ ಇಡ್ಕಳ್ಳೋ ಡಬ್ಬಿ. ವೈರಿಲ್ಲ ಏನಿಲ್ಲ."

"ಕೂಗುವುದು ಬೇಡವಾ?"

"ಯಾರೂ ಕೂಗೋದ್ ಬ್ಯಾಡ. ನೀವು ಆರಾಮಾಗ್ ಮನೇಲಿರಿ."

"ವೆರಿ ಗುಡ್" ಎಂದೆ. ಪೆಟ್ಟಿಗೆಯೊಳಗಿನ ಪುಸ್ತಕ ತೆಗೆದು ಓದಿ ಹೇಳೋಣ ಎಂದು ಕೈ ಚಾಚಿದೆ. ಅದನ್ನು ಆಗಲೇ ಫೋನಿನಲ್ಲಿ ಕನ್ನಡದ ವಿಡಿಯೋ ನೋಡಿ ಕಲಿತಾಗಿತ್ತು.

ಅವನು ನನ್ನ ಮೇಲಿನ ಪ್ರೀತಿಯಿಂದಲೇ ಅದನ್ನು ತಂದದ್ದು. ಹಾಗಾಗಿ ಜಗಳವಾಡುವುದಕ್ಕೂ ಬರುವಂತಿರಲಿಲ್ಲ. ಮುಂದಿನ ಸಲ ವ್ಯಾನು ಹೊರಟಾಗ ನಾನು ಅಭ್ಯಾಸಬಲದಿಂದ ಕಾಫಿ ಫ್ಲಾಸ್ಕು ತುಂಬಿಕೊಂಡು ಬಾಗಿಲಿಗೆ ಬಂದಿದ್ದೆ. ಅವನು ಗಾಜು ಇಳಿಸಿ, "ಬಿಸ್ಲು ಅತ್ಗೆ, ನೀವ್ಯಾಕೆ" ಎಂದು ಫ್ಲಾಸ್ಕನ್ನು ಮಾತ್ರ ತೆಗೆದುಕೊಂಡು ಹೋದ. ನನ್ನ ಕುಶನ್ನಿನ ಮೇಲೆ ನನ್ನ ಫ್ಲಾಸ್ಕು ಕೂತು ಹೋಯಿತು. ಸಂಜೆ ಅದು ತೊಳೆಸಿಕೊಂಡು ವಾಪಸು ಬಂತು.

ಅದಾದ ಮೇಲೆ ನಾಗಮಂಗಲದ ಕೆಲಸ ಬಂತು. ಆದಿಚುಂಚನಗಿರಿಯ ಕಡೆ ಹೋಗುವ ರಸ್ತೆಯಲ್ಲಿ ಒಬ್ಬ ಗೌಡರು ಕಟ್ಟಿಸಿದ ಕಲ್ಯಾಣ ಮಂಟಪ. ಅಲ್ಲಿಯ ಏಸಿಯಲ್ಲಿ ಗ್ಯಾಸು ಸೋರಿತ್ತು. ನಾನು ಯಾವತ್ತೂ ಮಾಡದ ಕೆಲಸ ಮಾಡಿದೆ, ನೆಪ ಹೂಡಿದೆ.

"ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬಹಳ ವರ್ಷವಾಯ್ತು ಕಣಪ್ಪ. ಆ ಕಡೆ ಹೋಗ್ತೀಯಲ್ಲ, ಕೆಲಸ ಮುಗಿದ ಮೇಲೆ ಒಂದು ದರ್ಶನ ಮಾಡಿಕೊಂಡು ಬರೋಣ."

"ಅದ್ಕೇನ್ ಬನ್ನಿ" ಎಂದ. ಅವನಿಗೆ ಗೊತ್ತಾಯಿತೋ ಇಲ್ಲವೋ. ದಾರಿಯುದ್ದಕ್ಕೂ ಹೊಸ ಮೆಷಿನ್ನಿನ ಗುಣಗಾನ ಮಾಡುತ್ತಿದ್ದ. ನಾನು ಕಿಟಕಿಯಾಚೆ ಕಬ್ಬು, ತೆಂಗು, ರಾಗಿ ಹೊಲ ನೋಡುತ್ತಾ ಹೌದು ಹೌದು ಎನ್ನುತ್ತಿದ್ದೆ. ನನ್ನ ಸೀಟಿನಲ್ಲಿ ನಾನೇ ಪ್ಯಾಸೆಂಜರ್.

ಮಂಟಪದಲ್ಲಿ ಮರುದಿನ ಸಂಜೆ ರಿಸೆಪ್ಷನ್. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಎರಡು ಸಿಂಹಾಸನ ಆಗಲೇ ಇಟ್ಟಿದ್ದರು. ಮೈದುನ ಬೆಳಿಗ್ಗೆಯೇ ಸೋರುವ ಜಾಗ ಹುಡುಕಿ ಸರಿಮಾಡಿದ. ನೈಟ್ರೋಜನ್ ತುಂಬಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ. ಪಂಪು ಹಚ್ಚಿ ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆದ. ಎಲ್ಲ ಪ್ರಾಪರ್ಲಿ. ಹೊರಗಿನ ಯಂತ್ರ ಇದ್ದದ್ದು ಟೆರೇಸಿನಲ್ಲಿ, ಹಾದಿ ಕಬ್ಬಿಣದ ಏಣಿ.

"ನೀವು ಇಲ್ಲೇ ತಣ್ಗೆ ಕುಂತಿರಿ ಅತ್ಗೆ. ತಣ್ಗಾದೇಟ್ಗೆ ನಿಮ್ಗೇ ಮೊದ್ಲು ಗೊತ್ತಾಯ್ತದೆ" ಎಂದು ನಗುತ್ತಾ ಮೇಲೆ ಹೋದ.

ಸಾವಿರ ಜನ ಕೂರುವ ಹಾಲಿನಲ್ಲಿ ನಾನೊಬ್ಬಳೇ. ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳು ಸಾಲು ಸಾಲು, ಬೆನ್ನಿಗೆ ಗುಲಾಬಿ ರಿಬ್ಬನ್ನು ಕಟ್ಟಿಸಿಕೊಂಡು ಚರ್ಚಿನಲ್ಲಿ ಕಮ್ಯೂನಿಯನ್ನಿನ ಪ್ರಸಾದಕ್ಕೆ ಬಂದ ಹುಡುಗಿಯರ ಹಾಗೆ ಕೂತಿದ್ದವು. ಮೇಲೆ ಮೆಷಿನ್ನು ಗುಂಯ್ ಎಂದು ಶುರುವಾಯಿತು. ಈಗ ಲಾಭ, ಈಗ ಎರಡು, ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಯಾರೂ ಕೂಗುತ್ತಿರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಆ ಕೆಲಸದ ಸದ್ದು ಎಂದರೆ ನನ್ನದೇ ದನಿ. ಅದಿಲ್ಲದೆಯೂ ಕೆಲಸ ನಡೆಯುತ್ತದೆ ಎನ್ನುವುದನ್ನು ನಾನು ಕೂತು ಕೇಳಬೇಕಾಯಿತು. ಸ್ವಲ್ಪ ಹೊತ್ತಿಗೆ ಛಾವಣಿಯ ಜಾಲರಿಯಿಂದ ತಂಪು ಗಾಳಿ ಇಳಿಯಿತು. ಎಷ್ಟು ಚೆನ್ನಾಗಿ ಇಳಿಯಿತು ಎಂದರೆ ನನಗೆ ಅಳು ಬಂತು. ಆಗ ಬಿಳಿ ಪಂಚೆಯ ಗೌಡರು ಹಾಲಿಗೆ ಬಂದು, "ಬತ್ತಾ ಅದೆ ಅಲ್ವಾ ಮೇಡಮ್ಮೋರೆ, ಗಾಳಿ?" ಎಂದು ನನ್ನ ಉತ್ತರಕ್ಕೂ ಕಾಯದೆ ಏಣಿ ಹತ್ತಿದರು. ನನಗಿಂತ ಎರಡು ವರ್ಷ ಹಿರಿಯರಿರಬೇಕು, ಕೋತಿಯ ಹಾಗೆ ಹತ್ತಿದರು.

ನಾನು ಫ್ಲಾಸ್ಕಿನ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಮೇಲಿನ ಗುಂಯ್ ಸದ್ದು ಏರಿತು, ತಡವರಿಸಿತು, ನಿಂತಿತು. ಛಾವಣಿಯ ಗಾಳಿ ಬರುತ್ತಲೇ ಇತ್ತು, ಆದರೆ ಬರೀ ಗಾಳಿ. ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಒತ್ತಡ ಮಿತಿ ಮೀರಿದರೆ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಪಟ್ಟಿಯಲ್ಲಿದ್ದ ತೂಕ, ಪೈಪಿನ ಉದ್ದದ ಲೆಕ್ಕ ಎರಡನ್ನೂ ಬೆಳಿಗ್ಗೆ ನನ್ನೆದುರೇ ನೋಡಿದ್ದ. ತಪ್ಪಿರಲಿಲ್ಲ. ಮತ್ತೆ ಏನಾಯಿತು? ಮೇಲೆ ಜೋರು ಮಾತು ಕೇಳಿತು, ಆಮೇಲೆ ಇಬ್ಬರೂ ಇಳಿದು ಬಂದರು. ಮೈದುನನ ಮುಖ ಬೆವೆತಿತ್ತು. ಗೌಡರು ಹಿಂದಿಂದಲೇ ಬೈಯುತ್ತಾ ಬಂದರು.

"ನಾಳೆ ಸಾವ್ರ ಜನ ಬತ್ತಾರೆ ಕಣ್ಲಾ! ಎಂಗ್ಲಾ ಕೂರ್ಸನೆ, ಬೀಸಣಿಗೆ ಕೊಟ್ಟಾ?"

"ಬ್ಯಾಡ ಅಂದೆ ತಾನೇ ಗೌಡ್ರೇ. ನೀವೇ ಒಸಿ ಆಕು ಒಸಿ ಆಕು ಅಂದ್ಬುಟ್ಟು..."

"ಏನು ಹಾಕಿದ್ದೀರಿ?" ಎಂದು ನಾನು ಕೇಳಿದೆ.

ಮೈದುನ ನೆಲ ನೋಡಿದ. "ಕೊಸರು ಅತ್ಗೆ."

ಗೌಡರಿಗೆ ಏನೂ ನಾಚಿಕೆ ಇರಲಿಲ್ಲ. "ಕೇಳಿದ್ ತಪ್ಪಾ ಮೇಡಮ್ಮೋರೆ? ನಮ್ಮನೇಲಿ ರಾಗಿ ಅಳುದ್ರೂ ಮೇಲ್ ಒಂದ್ ಬೊಗ್ಸೆ ಆಕ್ತೀವಿ. ಮದ್ವೆ ಮನೆ, ಜನ ಜಾಸ್ತಿ, ಗಾಳೀನೂ ಒಸಿ ಜಾಸ್ತಿ ಇರ್ಲಿ ಅಂದೆ."

"ಮೆಷಿನ್ನು ಕೀ ಅನ್ನಲಿಲ್ಲವಾ?"

"ಅಂತು. ಅದು ಕೀ ಅಂದ್ರೆ ಸಾಕು ಅಂತ್ಲೋ ಬೇಕು ಅಂತ್ಲೋ ನಂಗೇನ್ ಗೊತ್ತು? ಪೆಟ್ಗೆ ಜೊತೆ ಯಾರ್ ಮಾತಾಡ್ತಾರೆ!"

ನಾನು ನಗಬಾರದಿತ್ತು, ನಕ್ಕೆ. ಮೈದುನನಿಗೂ ನಗು ಬಂತು, ನುಂಗಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. ಹೊಸ ಮೆಷಿನ್ನು ತಾನೇ ಬಂದ್ ಮಾಡಿಬಿಡುತ್ತದಲ್ಲ, ಹಾಗಾಗಿ ಕೊಸರು ಬಿಡುವುದಕ್ಕೆ ಅದನ್ನು ಆಫ್ ಮಾಡಿ, ಸಿಲಿಂಡರಿನ ಪೈಪನ್ನು ನೇರವಾಗಿ ಕೊಟ್ಟು ಕೈಯಳತೆಯಲ್ಲಿ ಬಿಟ್ಟಿದ್ದ. ಎಷ್ಟು ಹೋಯಿತು ಎನ್ನುವುದು ಈಗ ಯಾರಿಗೂ ಗೊತ್ತಿಲ್ಲ.

"ಒಸಿ ಎಳುದ್ ಆಚೆ ಬುಟ್ಬುಡು, ಅಷ್ಟೇ ತಾನೇ?" ಎಂದರು ಗೌಡರು.

"ಗಾಳಿಗೆ ಬುಡಂಗಿಲ್ಲ ಗೌಡ್ರೇ. ಅಂದಾಜ್ ಮೇಲೆ ತೆಗ್ಯಂಗೂ ಇಲ್ಲ. ಪೂರ್ತಿ ಖಾಲಿ ಸಿಲಿಂಡ್ರಿಗೆ ಎಳ್ಕಂಡು, ತಿರ್ಗಾ ಮೊದ್ಲಿಂದ ತೂಗ್ ತುಂಬ್ಬೇಕು."

ಅದು ಸರಿಯಾದ ಮಾತು. ಅವನ ಅಣ್ಣನಾಗಿದ್ದರೂ ಅದನ್ನೇ ಹೇಳುತ್ತಿದ್ದರು. ಹೇಳಿ ಅವನು ಹೋಗಲಿಲ್ಲ, ಅಲ್ಲೇ ನಿಂತ.

"ನೀವ್ ಕೂಗ್ತಾ ಇದ್ದಿದ್ರೆ ಗೌಡ್ರು ಕೇಳ್ತಿರ್ನಿಲ್ಲ ಅತ್ಗೆ. ನಂಗೆ ದೊಡ್ಡೋರ್ ಮುಂದೆ ಬಾಯ್ ಬರಲ್ಲ. ಅಣ್ಣಂಗೂ ಬತ್ತಿರ್ನಿಲ್ಲ."

ಅಣ್ಣನಿಗೂ ಬರುತ್ತಿರಲಿಲ್ಲ ಎನ್ನುವುದು ನನಗೆ ಹೊಸ ಮಾತು. ನಾನು ಕೂಗುತ್ತಿದ್ದದ್ದು ವಾಲ್ವಿಗೆ ಎಂದೇ ತಿಳಿದಿದ್ದೆ. ಅವರು ನನ್ನನ್ನು ಆ ತೂಕದ ಮೆಷಿನ್ನಿನ ಪಕ್ಕದಲ್ಲಿ ಯಾಕೆ ಕೂರಿಸಿದ್ದರು ಎನ್ನುವುದು ಅವರು ಹೋಗಿ ಇಷ್ಟು ಕಾಲವಾದ ಮೇಲೆ, ನಾಗಮಂಗಲದ ಒಂದು ಖಾಲಿ ಹಾಲಿನಲ್ಲಿ, ಇವನ ಬಾಯಲ್ಲಿ ಬರಬೇಕಾಯಿತು. ಅವರು ಒಂದು ಸಲವಾದರೂ ಹೇಳಬಹುದಾಗಿತ್ತು. ಊಂ ಎನ್ನುವುದರಲ್ಲಿ ಅದೂ ಇತ್ತೋ ಏನೋ.

"ಏಣಿ ಹತ್ತೋಕೆ ಆಗಲ್ಲವಲ್ಲಪ್ಪ" ಎಂದೆ.

ಅವನು ಜೇಬಿಗೆ ಕೈ ಹಾಕಿ, ತೂಕ ತೋರಿಸುವ ಆ ಪುಟ್ಟ ಡಬ್ಬಿಯನ್ನು ತೆಗೆದ. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ನನ್ನ ಕೈಯಲ್ಲಿಟ್ಟು, ತನ್ನ ಫೋನಿನಿಂದ ನನ್ನ ಫೋನಿಗೆ ಕರೆ ಮಾಡಿ, ನನ್ನದರ ಸ್ಪೀಕರ್ ಹಾಕಿ ಪಕ್ಕದ ಕುರ್ಚಿಯ ಮೇಲೆ ಇಟ್ಟ.

"ನೀವ್ ಇಲ್ಲೇ ಕುಂತ್ಕಂಡ್ ಕೂಗಿ. ಮೇಲ್ಗಡೆ ನಾನ್ ಒಬ್ನೇ ಅಲ್ಲ, ಗೌಡ್ರೂ ಕೇಳಿಸ್ಕಳ್ಳಿ."

ಹಳೆಯ ಗ್ಯಾಸನ್ನು ಎಳೆದು ಬೇರೆ ಸಿಲಿಂಡರಿಗೆ ತುಂಬಿಕೊಳ್ಳುವುದಕ್ಕೆ, ಮತ್ತೆ ಪಂಪು ಹಚ್ಚುವುದಕ್ಕೆ ಸಂಜೆಯ ಬಿಸಿಲು ಕಿಟಕಿಗೆ ಬರುವಷ್ಟು ಹೊತ್ತಾಯಿತು. ಬೆಟ್ಟದ ದರ್ಶನದ ಮಾತನ್ನು ಯಾರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ. ಕೊನೆಗೆ ಫೋನಿನಲ್ಲಿ ಅವನ ದನಿ ಬಂತು.

"ಸೊನ್ನೆ ಮಾಡಿವ್ನಿ ಅತ್ಗೆ. ಬುಡ್ತಾ ಇವ್ನಿ."

ಡಬ್ಬಿಯಲ್ಲಿ ಅಂಕಿ ಓಡತೊಡಗಿತು. ಬೆನ್ನು ನೇರ ಮಾಡಿ ಕೂತೆ, ಕೊನೆಯ ಸಾಲಿನ ಕುರ್ಚಿಗಳ ಕಡೆ ನೋಡಿ ಕೂಗಿದೆ.

"ಲಾಭ!"

ಹಾಲಿನ ಗೋಡೆಗಳೆಲ್ಲ ಲಾಭ ಎಂದವು. ಫೋನಿನಲ್ಲಿ "ಊಂ" ಎಂದಿತು. ಅಣ್ಣತಮ್ಮಂದಿರ ದನಿ ಒಂದೇ ಥರ ಎಂದು ಯಾರೂ ಇದುವರೆಗೆ ನನಗೆ ಹೇಳಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ. ಎದುರಿಗೆ ಅವನು ಇರುತ್ತಿದ್ದ, ಮುಖ ಕಾಣುತ್ತಿತ್ತು. ಈಗ ಮುಖವಿಲ್ಲದೆ ಬರೀ ಊಂ.

"ಎರಡು."

"ಊಂ."

"ಮೂರು. ನಿಧಾನ, ನಿಧಾನ."

"ಊಂ."

ಮೇಲೆ ಯಂತ್ರ ಶುರುವಾಯಿತು. ಉಳಿದದ್ದು ಗುಟುಕು ಗುಟುಕಾಗಿ ಇಳಿಯಿತು. ಗ್ರಾಮುಗಳನ್ನು ಕೂಗಿದೆ. ಬೇಕಾದ ಅಂಕಿ ಬಂದ ತಕ್ಷಣ ಮೆಷಿನ್ನು ಕೀ ಎನ್ನುವುದಕ್ಕೂ ನಾನು "ಸಾಕು" ಎನ್ನುವುದಕ್ಕೂ ಸರಿಹೋಯಿತು. ಆಮೇಲೆ ಫೋನಿನಲ್ಲಿ ಗೌಡರ ದನಿ, ಶಾಲೆಯ ಹುಡುಗನ ಹಾಗೆ:

"ಮೇಡಮ್ಮೋರೆ, ಒಂದ್ ಚೂರು...?"

"ಗ್ಯಾಸಿಗೆ ಕೊಸರಿಲ್ಲ ಗೌಡ್ರೇ."

"ಆಯ್ತು ಬುಡಿ, ಬಯ್ಬ್ಯಾಡಿ!" ಎಂದರು. ಇಬ್ಬರೂ ನಕ್ಕದ್ದು ಕೇಳಿತು. ಫೋನು ಕಟ್ಟಾಯಿತು.

ಅವರು ಪೈಪು ಬಿಚ್ಚಿ, ವಾಲ್ವಿನ ಮುಚ್ಚಳ ಬಿಗಿದು, ಸಾಮಾನು ಕಟ್ಟಿ ಇಳಿಯುವುದಕ್ಕೆ ಇನ್ನೂ ಹೊತ್ತಿತ್ತು. ಛಾವಣಿಯಿಂದ ತಂಪು ಇಳಿಯುತ್ತಲೇ ಇತ್ತು. ಮದುವೆಗೆ ಬರುವ ಸಾವಿರ ಜನರಿಗೆ ತೂಗಿ ತುಂಬಿದ ತಂಪು ನನ್ನೊಬ್ಬಳ ಮೇಲೆ ಸುರಿಯುತ್ತಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ನನ್ನ ಸೀಟು ಉಳಿಯಿತು. ಇನ್ನು ಮೇಲೆ ಎಲ್ಲ ಕಡೆಗೂ ಹೋಗುತ್ತೇನೆ, ಎಲ್ಲ ಕಡೆಯೂ ಕೆಳಗೇ ಕೂರುತ್ತೇನೆ, ಮೈದುನ ಮೇಲೆ. ನಾನು ಕೂಗುವುದು ಖಾಲಿ ಕೋಣೆಗೆ, ಊಂ ಬರುವುದು ಫೋನಿನಿಂದ. ಸಿಕ್ಕಿದ್ದು ಇಷ್ಟು. ಇದರ ಮೇಲೆ ಇನ್ನಿಷ್ಟು ಕೇಳಲು ನಾನೂ ಗೌಡರ ಹಾಗೆ ಬಾಯಿ ತೆರೆಯುತ್ತಿದ್ದೆನೋ ಏನೋ, ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಕೈಯಲ್ಲಿನ ಡಬ್ಬಿಯಲ್ಲಿ ಅಂಕಿ ಹಾಗೇ ನಿಂತಿತ್ತು. ಕೊನೆಯ ಸಾಲಿನ ಬಿಳಿ ಕುರ್ಚಿಗಳನ್ನು ನೋಡುತ್ತಾ, ಕಿರುಚದೆ, ಅಲ್ಲಿಗೆ ತಲುಪುವಷ್ಟೇ ದನಿಯಲ್ಲಿ, ಗುಡ್ ಈವ್ನಿಂಗ್ ಎಂದೆ.

ಏಣಿಯ ಮೇಲೆ ಹೆಜ್ಜೆಯ ಸದ್ದಾಯಿತು. "ಯಾರ್ ಕೂಡೆ ಮಾತು ಅತ್ಗೆ?" ಎನ್ನುತ್ತಾ ಮೈದುನ ಇಳಿದು ಬಂದ.

"ಯಾರೂ ಇಲ್ಲಪ್ಪ. ಬಾ, ಕತ್ತಲಾಗುವುದರೊಳಗೆ ಹೋಗೋಣ" ಎಂದು ಫ್ಲಾಸ್ಕು ಎತ್ತಿಕೊಂಡೆ.